ಹೆಸರು ಹೇಳಿದರೆ ಉತ್ತರ ಹೇಳಿದ ಹಾಗಾಯಿತೇ?

ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಯಾರೂ ಸಹಿ ಹಾಕದ ಒಂದು ಪಾಲುಪಟ್ಟಿ ಆಗಿಹೋಗಿದೆ. ಹಬ್ಬ, ಹರಕೆ, ಉಪ್ಪಿನಕಾಯಿ, ಊರಿನ ಜಾಗದ ತಕರಾರು ಇವೆಲ್ಲ ಕನ್ನಡದ ಪಾಲಿಗೆ (ಕೆಲವರಲ್ಲಿ ತುಳುವಿನ ಪಾಲಿಗೆ). ತರಕಾರಿಯವನು, ರಿಕ್ಷಾದವನು, ಸೊಸೈಟಿ ಮೀಟಿಂಗು ಮರಾಠಿ-ಹಿಂದಿಯ ಪಾಲಿಗೆ. ತಲೆ ಓಡಿಸಬೇಕಾದ ವಿಷಯ ಏನೇ ಬರಲಿ, ಅದು ಇಂಗ್ಲಿಷಿನ ಪಾಲಿಗೆ! ಮಗು "ಯಾಕೆ?" ಎಂದು ಕೇಳಿತೋ, ಮನೆಯಲ್ಲಿ ಕನ್ನಡ ಅಲ್ಲಿಗೆ ಬಂದ್.

ಕೇಳಿದರೆ ಸಿದ್ಧ ಉತ್ತರ ಇದೆ: "ಸೈನ್ಸು, ಮ್ಯಾಥ್ಸು ಎಲ್ಲ ಕನ್ನಡದಲ್ಲಿ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಶಬ್ದವೇ ಇಲ್ಲ." ಡೊಂಬಿವಲಿಯಲ್ಲೂ ಕೇಳಿದ್ದೇನೆ, ಥಾಣೆಯಲ್ಲೂ ಕೇಳಿದ್ದೇನೆ, ವಾಶಿ-ನೆರೂಳಿನ ದೊಡ್ಡ ಫ್ಲ್ಯಾಟುಗಳಲ್ಲಂತೂ ಕೇಳುತ್ತಲೇ ಇದ್ದೇನೆ. ಹೇಳುವವರು ಇಂಜಿನಿಯರುಗಳು, ಸಿ.ಎ.ಗಳು, ದೊಡ್ಡ ದೊಡ್ಡ ಹುದ್ದೆಯವರು.

ನಾನು ವಿಜ್ಞಾನಿಯಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು, ದಶಕಗಳಿಂದ ಡೊಂಬಿವಲಿ ವಾಸಿ. ಆದರೂ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ಹೇಳಲಾಗದು ಎನ್ನುವವರಲ್ಲಿ ಹೆಚ್ಚಿನವರಿಗೆ ಕನ್ನಡದ ಕೊರತೆ ಇಲ್ಲ. ಅವರಿಗೆ ಉತ್ತರವೇ ಗೊತ್ತಿಲ್ಲ, ಗೊತ್ತಿರುವುದು ಉತ್ತರದ ಹೆಸರು ಮಾತ್ರ.

ಒಂದು ಉದಾಹರಣೆ ನೋಡಿ. ರಾತ್ರಿ ಥಾಣೆಯಿಂದ ಡೊಂಬಿವಲಿಗೆ ಲೋಕಲಿನಲ್ಲಿ ಬರುತ್ತಿದ್ದೀರಿ, ಕಿಟಕಿ ಸೀಟೂ ಸಿಕ್ಕಿದೆ (ಕಲ್ಪನೆಗೆ ದುಡ್ಡು ಕೊಡಬೇಕಿಲ್ಲವಲ್ಲ!). ಮಗು ಕೇಳುತ್ತದೆ, "ಕಂಬಗಳೆಲ್ಲ ಹಿಂದೆ ಓಡ್ತವೆ, ಚಂದ್ರ ಮಾತ್ರ ಯಾಕೆ ನಮ್ಮ ಜೊತೆಗೇ ಬರ್ತಾನೆ?" ಅಪ್ಪನ ಉತ್ತರ: "ಅದು ಪ್ಯಾರಲಾಕ್ಸ್ ಮಗಾ." ಮಗು ಸುಮ್ಮನಾಗುತ್ತದೆ. ಅಪ್ಪನಿಗೆ ಉತ್ತರ ಕೊಟ್ಟ ತೃಪ್ತಿ. ಆದರೆ ಆ ಮಗುವಿಗೆ ಸಿಕ್ಕಿದ್ದೇನು? ಒಂದು ಬೀಗ, ಕೀಲಿಕೈ ಇಲ್ಲದ್ದು.

ಈಗ ಅದನ್ನೇ ಮನೆಮಾತಿನಲ್ಲಿ ಹೇಳಿ ನೋಡೋಣ. ಹಳಿಯ ಪಕ್ಕದ ಕಂಬ ನಾಲ್ಕು ಮಾರು ದೂರದಲ್ಲಿದೆ. ನಾವು ಸ್ವಲ್ಪ ಮುಂದೆ ಹೋದರೂ ಅದನ್ನು ನೋಡಲು ಕುತ್ತಿಗೆ ಪೂರ್ತಿ ಹಿಂದೆ ತಿರುಗಿಸಬೇಕು. ಮುಂಬ್ರಾದ ಗುಡ್ಡದ ಮೇಲಿನ ದೇವಿಯ ಗುಡಿಯ ದೀಪ ಅದಕ್ಕಿಂತ ದೂರ, ಹಾಗಾಗಿ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಥಾಣೆಯಿಂದ ಡೊಂಬಿವಲಿಗೆ ಸುಮಾರು 15 ಕಿಲೋಮೀಟರ್. ತ್ರೈರಾಶಿ ಹಾಕಿ: ಒಂದು ಕಿಲೋಮೀಟರ್ ದೂರದ ದೀಪವನ್ನು ನೋಡುತ್ತಾ ನೀವು ಎರಡು ಬೆರಳಿನಗಲ, ಅಂದರೆ 4 ಸೆಂಟಿಮೀಟರಿನಷ್ಟು ಪಕ್ಕಕ್ಕೆ ಸರಿದರೆ ಆ ದೀಪ ಸರಿದಂತೆ ಕಾಣುತ್ತದೆಯೇ? ಇಲ್ಲ. ಚಂದ್ರನದೂ ಅದೇ ಕಥೆ. ಅವನು ಜೊತೆಗೆ ಬರುತ್ತಿಲ್ಲ, ನಾವೇ ಅವನ ಲೆಕ್ಕಕ್ಕೆ ಇದ್ದಲ್ಲಿಂದ ಕದಲಿಲ್ಲ!

ಇದರಲ್ಲಿ ಯಾವ ಶಬ್ದ ಕನ್ನಡದಲ್ಲಿ ಇರಲಿಲ್ಲ, ಹೇಳಿ? ಪ್ಯಾರಲಾಕ್ಸ್ ಎಂಬ ಹೆಸರನ್ನು ಕೊನೆಯಲ್ಲಿ ಹೇಳಿಕೊಡಿ, ಪರೀಕ್ಷೆಗೆ ಬೇಕಾಗುತ್ತದೆ. ಆದರೆ ಮೊದಲು ವಿಷಯ, ಆಮೇಲೆ ಹೆಸರು. ನಾವು ಮಾಡುತ್ತಿರುವುದು ಮೊದಲು ಹೆಸರು, ಆಮೇಲೆ ಮೌನ.

ಇನ್ನೊಂದು ಪಂಗಡದವರಿದ್ದಾರೆ, ಅವರನ್ನೂ ಬಿಡುವ ಹಾಗಿಲ್ಲ. ಇವರು ಕನ್ನಡ ಅಭಿಮಾನಿಗಳು. ಇಂಗ್ಲಿಷ್ ಪದ ತೆಗೆದು ಆ ಜಾಗದಲ್ಲಿ "ದ್ಯುತಿಸಂಶ್ಲೇಷಣೆ" ಎಂದು ಕೂರಿಸಿದರೆ ಕನ್ನಡದಲ್ಲಿ ವಿಜ್ಞಾನ ಹೇಳಿದಂತಾಯಿತು ಎಂದು ನಂಬಿದವರು. ಬೀಗ ಹಿತ್ತಾಳೆಯದ್ದಾದರೇನು, ಕಬ್ಬಿಣದ್ದಾದರೇನು? ಎಲೆಯು ಬಿಸಿಲಿನ ಬಲದಿಂದ ನೀರು ಮತ್ತು ಗಾಳಿಯಿಂದ ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ ಎಂದು ಒಂದು ಸಾಲು ಹೇಳಿದ್ದರೆ ಮಗುವಿನ ಮುಂದಿನ ಪ್ರಶ್ನೆ ಬರುತ್ತಿತ್ತು: "ಹಾಗಾದ್ರೆ ರಾತ್ರಿ ಉಪವಾಸವಾ?" ಆ ಮುಂದಿನ ಪ್ರಶ್ನೆ ಹುಟ್ಟಿತೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ.

"ಇದೆಲ್ಲ ಮಕ್ಕಳಾಟ, ಇದರಿಂದ ಏನಾಗಬೇಕಿದೆ?" ಎನ್ನುವವರಿಗೆ ನನ್ನ ಕೌಂಟರಿನ ಕಡೆಯಿಂದ ಒಂದು ಲೆಕ್ಕ.

ಒಬ್ಬ ಹೋಟೆಲ್ ಕಾರ್ಮಿಕ 1,20,000 ರೂಪಾಯಿ ಸಾಲ ತೆಗೆಯುತ್ತಾನೆ ಅಂದುಕೊಳ್ಳಿ. "ಬರೀ ಶೇ. 10 ಫ್ಲ್ಯಾಟ್ ರೇಟು" ಅನ್ನುತ್ತಾನೆ ಸಾಲ ಕೊಡುವವನು. ವರ್ಷಕ್ಕೆ ಬಡ್ಡಿ 12,000. ಒಟ್ಟು 1,32,000, ಹನ್ನೆರಡು ಕಂತು, ತಿಂಗಳಿಗೆ 11,000. ಎಲ್ಲ ಸರಿಯಾಗಿಯೇ ಕಾಣುತ್ತದೆ ಅಲ್ಲವೇ? ಆದರೆ ಯೋಚಿಸಿ. ಪೂರ್ತಿ 1,20,000 ಅವನ ಕೈಯಲ್ಲಿ ಇದ್ದದ್ದು ಮೊದಲನೇ ತಿಂಗಳು ಮಾತ್ರ. ತಿಂಗಳಿಗೆ 10,000ದ ಹಾಗೆ ಅಸಲು ತೀರುತ್ತಾ ಹೋಗಿ ಕೊನೆಯ ತಿಂಗಳು ಉಳಿದದ್ದು ಬರೀ 10,000. ಸರಾಸರಿ ಅವನ ಬಳಿ ಇದ್ದ ಸಾಲ 65,000 ರೂಪಾಯಿ. 65,000ಕ್ಕೆ 12,000 ಬಡ್ಡಿ ಅಂದರೆ ಶೇಕಡಾ ಎಷ್ಟಾಯಿತು? ಹದಿನೆಂಟರ ಮೇಲೆ ಚಿಲ್ಲರೆ! ಬ್ಯಾಂಕಿನ ಕರಾರುವಾಕ್ಕಾದ ಪದ್ಧತಿಯಲ್ಲಿ ಮಾಡಿದರೂ ಶೇ. 18ಕ್ಕೇ ಬಂದು ನಿಲ್ಲುತ್ತದೆ.

ಐದನೇ ಕ್ಲಾಸಿನ ಗಣಿತ ಇದು. ಸರಾಸರಿ ಮತ್ತು ಶೇಕಡಾ, ಇನ್ನೇನಿಲ್ಲ. ಆದರೂ ಡಬಲ್ ಗ್ರ್ಯಾಜುಯೇಟುಗಳು ಕೂಡ ಇದರಲ್ಲಿ ಬೀಳುವುದನ್ನು ಕಂಡಿದ್ದೇನೆ. ಏಕೆಂದರೆ 'ಫ್ಲ್ಯಾಟ್ ರೇಟ್' ಎಂಬ ಹೆಸರು ಕೇಳಿದ ಕೂಡಲೇ ಗೊತ್ತಿದೆ ಎಂದು ತಲೆಯಾಡಿಸುವ ಅಭ್ಯಾಸ ಅವರಿಗೆ ಚಿಕ್ಕಂದಿನಿಂದ ಆಗಿದೆ. "ಅದು ಪ್ಯಾರಲಾಕ್ಸ್ ಮಗಾ" ಎಂದಾಗ ತಲೆಯಾಡಿಸಿದ ಹುಡುಗನೇ ಮುಂದೆ ಸಾಲದ ಫಾರಮ್ಮಿಗೆ ಕಣ್ಣುಮುಚ್ಚಿ ಸಹಿ ಹಾಕುವವನು.

ರಿಸರ್ವ್ ಬ್ಯಾಂಕು 2024ರ ಏಪ್ರಿಲಿನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಅದರಂತೆ 2024ರ ಅಕ್ಟೋಬರ್ 1ರ ನಂತರದ ಹೊಸ ರಿಟೇಲ್ ಸಾಲಗಳಿಗೆ, ಎಲ್ಲ ಖರ್ಚು ಸೇರಿಸಿದ ನಿಜವಾದ ವಾರ್ಷಿಕ ದರವನ್ನು ತೋರಿಸುವ ಒಂದು ಹಾಳೆ ಕೊಡಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಒಳ್ಳೆಯ ನಿಯಮ, ಕೇಳಿ ತೆಗೆದುಕೊಳ್ಳಿ. ಆದರೆ ಹಾಳೆ ಅರ್ಥವಾಗುವ ಭಾಷೆಯಲ್ಲಿದ್ದರೆ ಸಾಲದು, "ಇದು ಹೇಗೆ ಬಂತು?" ಎಂದು ಕೇಳುವ ಬಾಯಿಯೂ ಬೇಕು. ಆ ಬಾಯಿಯನ್ನು ರಿಸರ್ವ್ ಬ್ಯಾಂಕು ಕೊಡುವುದಿಲ್ಲ, ಮನೆಯಲ್ಲೇ ತಯಾರಾಗಬೇಕು.

ಹಣ ಹೋದರೆ ಹೋಗಲಿ ಎನ್ನೋಣ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯೇ? ಮಂಗಳೂರು, ಕಾಸರಗೋಡು ಕಡೆ ಸೂರ್ಯ ಬಳೆಯಂತೆ ಕಂಡ ದಿನ. ಅದೇ ದಿನ ಕಲಬುರಗಿ ಹತ್ತಿರ ಅಂಗವೈಕಲ್ಯ ಇದ್ದ ಮಕ್ಕಳನ್ನು, ಗುಣವಾಗಲಿ ಎಂದು, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿಟ್ಟಿದ್ದರು. ಗ್ರಹಣ ಬಂದಾಗಲೆಲ್ಲ ಒನಕೆ ತಾನಾಗಿ ನೆಟ್ಟಗೆ ನಿಲ್ಲುತ್ತದೆ ಎಂಬ ವಿಡಿಯೋಗಳೂ ಓಡಾಡುತ್ತವೆ, 'ನಮ್ಮ ಹಿರಿಯರ ಸೈನ್ಸ್' ಎಂಬ ಲೇಬಲ್ ಹಚ್ಚಿಕೊಂಡು. ಸೈನ್ಸ್ ಎಂಬ ಹೆಸರು ಬಿದ್ದ ಕೂಡಲೇ ನಮ್ಮವರು ನಂಬುತ್ತಾರೆ. ಬುಡ ಸಪಾಟಾಗಿರುವ ಒನಕೆಯನ್ನು ಗ್ರಹಣವಿಲ್ಲದ ಒಂದು ಮಂಗಳವಾರ ನಿಲ್ಲಿಸಿ ನೋಡಿ ಸ್ವಾಮಿ, ಆಗಲೂ ನಿಲ್ಲುತ್ತದೆ! ಇಷ್ಟು ಮಾಡಿ ನೋಡಲು ಲ್ಯಾಬೂ ಬೇಡ, ಇಂಗ್ಲಿಷೂ ಬೇಡ. ನಾವೇ ಪರೀಕ್ಷಿಸಿ ನೋಡಬಹುದಾದದ್ದು ವಿವರಣೆ. ನಂಬಿ ಸುಮ್ಮನಿರಬೇಕಾದದ್ದು ಬರೀ ಹೆಸರು.

ಇನ್ನು, ಕನ್ನಡಕ್ಕೆ ಇದು ಹೊಸ ಕೆಲಸವೇ? 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರ ಗಣಿತ' ಬರೆದ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಶಿವರಾಮ ಕಾರಂತರು ಕಾಲೇಜು ಬಿಟ್ಟು ಗಾಂಧಿ ಚಳವಳಿಗೆ ಹೋದವರು, ವಿಜ್ಞಾನದ ಡಿಗ್ರಿ ಇರಲಿಲ್ಲ. ಮಕ್ಕಳಿಗೆ 'ಬಾಲ ಪ್ರಪಂಚ' ಬರೆದರು, ಆಮೇಲೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. 1978ರಲ್ಲಿ 'ಬಾಲ ವಿಜ್ಞಾನ' ಮಾಸಪತ್ರಿಕೆ ಶುರುವಾಯಿತು. ಶಬ್ದ ಇಲ್ಲ ಎನ್ನುವವರು ಇವುಗಳಲ್ಲಿ ಒಂದನ್ನಾದರೂ ತೆರೆದು ನೋಡಿದ್ದಾರೆಯೇ?

ಪಕ್ಕದ ಮನೆಯನ್ನಾದರೂ ನೋಡಿ. ಮರಾಠಿ ವಿಜ್ಞಾನ ಪರಿಷತ್ತು 1966ರಿಂದ ಇದೇ ಮುಂಬಯಿಯಲ್ಲಿ ಕೆಲಸ ಮಾಡುತ್ತಿದೆ. 2025ರಲ್ಲಿ ತೀರಿಕೊಂಡ ಜಯಂತ ನಾರಳೀಕರ್ ಅಂಥ ಖಗೋಳ ವಿಜ್ಞಾನಿ ಕೇಂಬ್ರಿಜಿನಿಂದ ಬಂದು ಮರಾಠಿಯಲ್ಲಿ ಕಥೆ ಬರೆದರು, ಆಕಾಶದ ಬಗ್ಗೆ ಪುಸ್ತಕ ಬರೆದರು. ಅವರಿಗೆ ಅವಮಾನವಾಗಲಿಲ್ಲ. ನಮಗೆ ಮಾತ್ರ ಮಗನ ಹತ್ತಿರ ಕನ್ನಡದಲ್ಲಿ ಅಲೆಯ ಬಗ್ಗೆ ಮಾತಾಡಲು ನಾಚಿಕೆ.

ಅಲೆ ಅಂದಾಗ ನೆನಪಾಯಿತು. ಥಾಣೆ ಖಾಡಿಯ ಪಕ್ಕದಲ್ಲೇ ಬದುಕುವ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು, ಭರತದ ಹೊತ್ತು ದಿನಾ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚೇ ಮುಂದಕ್ಕೆ ಹೋಗುತ್ತದೆ ಎಂದು? ಯಾಕೆ? ಭರತ ಚಂದ್ರನ ಹಿಂದೆ ಹೋಗುತ್ತದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಅಷ್ಟರಲ್ಲಿ ಚಂದ್ರ ದಿನಾ ಸ್ವಲ್ಪ ಸ್ವಲ್ಪ ತಡವಾಗಿ ಹುಟ್ಟುತ್ತಾ ಪೂರ್ತಿ ಒಂದು ದಿನ ಹಿಂದೆ ಬಿದ್ದಿರುತ್ತಾನೆ. ದಿನಕ್ಕೆ 1,440 ನಿಮಿಷ, ಇಪ್ಪತ್ತೊಂಬತ್ತೂವರೆಯಿಂದ ಭಾಗಿಸಿ: ಸುಮಾರು 49 ನಿಮಿಷ. ಕ್ಯಾಲ್ಕುಲೇಟರೂ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ, ಸಮುದ್ರದ ಭರತದಿಂದಾಗಿ ಊರಿನ ನೀರಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಕಲ್ಯಾಣ, ಡೊಂಬಿವಲಿಗಳು ಕೂಡ ಮುಳುಗಿದವು. ಭರತದ ಲೆಕ್ಕ ಇಲ್ಲಿ ಬದುಕುವವರಿಗೆ ಜೀವದ ಲೆಕ್ಕ. ನಮ್ಮ ಊರಿನ ಮೀನುಗಾರರು ಇದನ್ನು ಯಾವ ಇಂಗ್ಲಿಷಿನಲ್ಲಿ ಕಲಿತರು?

ಬರೀ ಬೈದು ಮುಗಿಸಿದರೆ ನ್ಯಾಯವಲ್ಲ. ಆದ್ದರಿಂದ ಒಂದು ಕೆಲಸ ಹೇಳುತ್ತೇನೆ. ಇದನ್ನು ಊರು ಬಿಟ್ಟು ಬಂದ ನಮ್ಮಂಥವರಷ್ಟು ಸುಲಭವಾಗಿ ಬೇರೆ ಯಾರೂ ಮಾಡಲಾರರು.

ಮೇ ತಿಂಗಳ ಮಧ್ಯದಲ್ಲಿ, 16-17ನೇ ತಾರೀಕಿನ ಸುಮಾರಿಗೆ, ಹನ್ನೆರಡೂವರೆ ದಾಟಿದ ಮೇಲೆ ಕಲ್ಯಾಣ, ಡೊಂಬಿವಲಿ, ಥಾಣೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. (ಜುಲೈ ಕೊನೆಯ ವಾರದಲ್ಲಿ ಇನ್ನೊಮ್ಮೆ ಬರುತ್ತಾನೆ, ಆದರೆ ಮಳೆಮೋಡದಲ್ಲಿ ಕಂಡರೆ ಪುಣ್ಯ.) ಮಂಗಳೂರಿನಲ್ಲಿ ಈ ದಿನ ಏಪ್ರಿಲ್ 24ರ ಸುಮಾರಿಗೇ ಆಗಿಹೋಗಿರುತ್ತದೆ. ರಜೆಗೆ ಊರಿಗೆ ಹೋಗಿರುವ ಮೊಮ್ಮಗಳು ಅಲ್ಲಿ, ಅಜ್ಜ ಇಲ್ಲಿ ಬಿಲ್ಡಿಂಗಿನ ಟೆರೇಸಿನಲ್ಲಿ. ಇಬ್ಬರೂ ಒಂದೊಂದು ಮೀಟರಿನ ಕೋಲು ನೆಡಿ. ನೆರಳು ಅತಿ ಗಿಡ್ಡವಾದಾಗ ಅಳೆದು ಫೋನು ಮಾಡಿ. ಇಲ್ಲಿ ಸೊನ್ನೆ, ಮಂಗಳೂರಿನಲ್ಲಿ ದಕ್ಷಿಣದ ಕಡೆಗೆ ಸುಮಾರು 11 ಸೆಂಟಿಮೀಟರ್. ಕೋಲು, ನೆರಳು ಎರಡನ್ನೂ ಕಾಗದದ ಮೇಲೆ ಚಿಕ್ಕದಾಗಿ ಬರೆದು ಕೋನಮಾಪಕ ಇಟ್ಟರೆ ಸುಮಾರು 6.3 ಡಿಗ್ರಿ. ಎರಡೂ ಊರಿಗೆ ಉತ್ತರ-ದಕ್ಷಿಣವಾಗಿ ಸುಮಾರು 700 ಕಿಲೋಮೀಟರ್. 6.3 ಡಿಗ್ರಿಗೆ 700 ಆದರೆ ಪೂರ್ತಿ ಸುತ್ತಿಗೆ, 360 ಡಿಗ್ರಿಗೆ, ಎಷ್ಟು? ಮತ್ತದೇ ತ್ರೈರಾಶಿ: 40,000 ಕಿಲೋಮೀಟರ್. ಭೂಮಿಯ ಸುತ್ತಳತೆ!

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಎರಟೋಸ್ತನೀಸ್ ಎಂಬ ಗ್ರೀಕ್ ಪಂಡಿತ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಅವನಿಗೆ ಎರಡು ಊರು ಬೇಕಿತ್ತು. ನಮಗೆ ಹುಟ್ಟಿದ್ದೊಂದು, ಬದುಕಿದ್ದೊಂದು, ಎರಡು ಊರು ಇದ್ದೇ ಇವೆ.

ನಮ್ಮ ಸಂಘಗಳು ಯಕ್ಷಗಾನ ಮಾಡಿಸಲಿ, ಅರಸಿನ ಕುಂಕುಮ ಮಾಡಲಿ, ಶೇ. 90 ತೆಗೆದವರಿಗೆ ಬಹುಮಾನ ಕೊಡಲಿ. ಯಾವುದಕ್ಕೂ ನನ್ನ ತಕರಾರಿಲ್ಲ. ಆದರೆ ರಾಜ್ಯೋತ್ಸವದ ಮೂರು ಗಂಟೆಯ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಮಕ್ಕಳು ಕೇಳಲಿ, ದೊಡ್ಡವರು ಕನ್ನಡದಲ್ಲಿ ಉತ್ತರಿಸಲಿ. ಮಧ್ಯೆ ಇಂಗ್ಲಿಷ್ ಪದ ಬಂದರೆ ಬರಲಿ, ದಂಡ ಹಾಕಬೇಡಿ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೋಡಿ ಹೇಳ್ತೇನೆ" ಎಂದರೂ ಸಾಕು, ಅದೂ ಚೊಕ್ಕ ಕನ್ನಡವೇ.

ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಬರುವ ರೇಷ್ಮೆ ಸೀರೆಯ ಹಾಗೆ ಭಾಷೆಯನ್ನು ಇಟ್ಟುಕೊಂಡರೆ ಅದು ಮಡಿಕೆಯಲ್ಲೇ ಹರಿಯುತ್ತದೆ. "ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಸಿಗದ ಭಾಷೆಯನ್ನು ಮಕ್ಕಳು ಯಾಕಾದರೂ ಉಳಿಸಿಕೊಳ್ಳಬೇಕು, ನೀವೇ ಹೇಳಿ.