ಗಂಧದ ಸಾಬೂನು ಯುದ್ಧದ ಕೊಡುಗೆಯೇ?

ಯುದ್ಧದಿಂದ ಒಳ್ಳೆಯದೂ ಆಗಿದೆ ಎನ್ನುವವರು ನಮ್ಮಲ್ಲಿ ತಪ್ಪದೆ ಮುಂದಿಡುವ ಸಾಕ್ಷಿ ಮೈಸೂರು ಸ್ಯಾಂಡಲ್ ಸೋಪು. ಕತೆಯೇನೋ ನಿಜವೇ. 1914ಕ್ಕೆ ಮೊದಲು ಮೈಸೂರು ಸಂಸ್ಥಾನದ ಶ್ರೀಗಂಧ ಬಹುಪಾಲು ಜರ್ಮನಿಯ ದಾರಿ ಹಿಡಿಯುತ್ತಿತ್ತು. ಮರ ನಮ್ಮದು, ಎಣ್ಣೆ ತೆಗೆದು ಲಾಭ ಎಣಿಸುವವರು ಅವರು. ಮೊದಲ ಮಹಾಯುದ್ಧ ಶುರುವಾದದ್ದೇ ತಡ, ಕೊಳ್ಳುವವರಿಲ್ಲದೆ ಗಂಧದ ಕೋಠಿಗಳಲ್ಲಿ ಕೊರಡುಗಳು ರಾಶಿ ಬಿದ್ದವು. ದಿವಾನ್ ವಿಶ್ವೇಶ್ವರಯ್ಯನವರ ಆಡಳಿತ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನ ವಿಜ್ಞಾನಿಗಳ ನೆರವು ಪಡೆಯಿತು. 1916ರಲ್ಲಿ ನಾವೇ ಎಣ್ಣೆ ಬಟ್ಟಿ ಇಳಿಸಿದೆವು. ಅದರ ಬೆನ್ನಿಗೇ ಸಾಬೂನು.

ಹಾಗಾದರೆ ಆ ಯುದ್ಧವೇ ಆಗದಿದ್ದರೆ?

ಸರಾಯೆವೊದಲ್ಲಿ 1914ರ ಜೂನ್ 28ರಂದು ಆಸ್ಟ್ರಿಯಾದ ಯುವರಾಜನ ಕಾರು ತಪ್ಪು ದಾರಿಗೆ ಹೊರಳಿ, ಗಾವ್ರಿಲೊ ಪ್ರಿನ್ಸಿಪ್‌ನ ಪಿಸ್ತೂಲಿನ ಮುಂದೆಯೇ ನಿಲ್ಲದಿದ್ದರೆ ಎಂದು ಊಹಿಸುವುದು ಜನರಿಗೆ ಬಲು ಇಷ್ಟ. ಪಾಪ, ಇಡೀ ಶತಮಾನದ ಭಾರವನ್ನು ಒಬ್ಬ ಡ್ರೈವರ್ ಮೇಲೆ ಹೇರುವುದೇ? ಕೊಲೆಗೂ ಸರ್ಬಿಯಾದ ಮೇಲಿನ ಯುದ್ಧ ಘೋಷಣೆಗೂ ನಡುವೆ ಸರಿಯಾಗಿ ಒಂದು ತಿಂಗಳಿತ್ತು. ನೀವೇನೇ ಮಾಡಿ, ನಿಮ್ಮ ಬೆನ್ನಿಗೆ ನಾವಿದ್ದೇವೆ ಎಂದು ಬರ್ಲಿನ್ ಮಾತು ಕೊಟ್ಟದ್ದು ಆಗಲೇ. ಸರ್ಬಿಯಾ ಹೆಚ್ಚಿನ ಷರತ್ತುಗಳಿಗೆಲ್ಲ ತಲೆಯಾಡಿಸಿದರೂ ವಿಯೆನ್ನಾ ಸಾಲದೆಂದದ್ದೂ ಆಗಲೇ. ಬೇಡ ಎನ್ನಲು ಎಷ್ಟೋ ಜನಕ್ಕೆ ಅವಕಾಶವಿತ್ತು, ಯಾರೂ ಅನ್ನಲಿಲ್ಲ. ಆದ್ದರಿಂದ ಯುದ್ಧವಿಲ್ಲದ 1914 ಬರೀ ಹಗಲುಗನಸಲ್ಲ.

ಆ 1914ರಲ್ಲೂ ಟಾಟಾ ಇನ್‌ಸ್ಟಿಟ್ಯೂಟ್ ಇರುತ್ತಿತ್ತು. ಅದು ಹುಟ್ಟಿದ್ದು 1909ರಲ್ಲಿ. ವಿಶ್ವೇಶ್ವರಯ್ಯ 1912ರಿಂದಲೇ ದಿವಾನರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲೇ ಶುರುವಾಗಿತ್ತು, ಮೈಸೂರು ಬ್ಯಾಂಕು 1913ರಲ್ಲಿ ಬಾಗಿಲು ತೆರೆದಿತ್ತು. ಬುದ್ಧಿ, ಬಂಡವಾಳ, ಹಟ ಮೂರೂ ಯುದ್ಧಕ್ಕೆ ಮೊದಲೇ ಇಲ್ಲಿದ್ದವು. ಜರ್ಮನರ ಪೈಪೋಟಿ ಎದುರಿಸಬೇಕಾಗುತ್ತಿತ್ತು, ಎಣ್ಣೆ ಕೆಲವು ವರ್ಷ ತಡವಾಗುತ್ತಿತ್ತು. ಅಷ್ಟೆ.

ಯುದ್ಧ ಕಿತ್ತುಕೊಂಡದ್ದು ಮಾತ್ರ ತಡವಾಗಿಯೂ ಬರಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿ ಹೋದರು, ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಫಿರಂಗಿಗಳ ಎದುರು ಕುದುರೆ ಓಡಿಸಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಅದೇ ವರ್ಷ ಬೊಂಬಾಯಿ ಬಂದರಿನಿಂದ ಒಳನಾಡಿಗೆ ಹಬ್ಬಿದ ಇನ್‌ಫ್ಲುಯೆಂಜಾ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತಿಂದಿತು. ಯುದ್ಧವಿಲ್ಲದೆಯೂ ಆ ರೋಗ ಹುಟ್ಟುತ್ತಿತ್ತೇನೋ. ಸೈನಿಕರ ಹಡಗು ಹತ್ತಿ ಅಷ್ಟು ಬೇಗ ಲೋಕ ಸುತ್ತುತ್ತಿರಲಿಲ್ಲ.

ಸ್ವಾತಂತ್ರ್ಯದ ವಿಷಯಕ್ಕೆ ಬಂದರೆ ನನ್ನ ವಾದ ತುಸು ಕುಂಟುತ್ತದೆ. ಹಂತಹಂತವಾಗಿ ಸ್ವಯಮಾಡಳಿತ ಕೊಡುತ್ತೇವೆಂದು ಬ್ರಿಟನ್ 1917ರಲ್ಲಿ ಬಾಯಿಬಿಟ್ಟದ್ದು ಯುದ್ಧದ ಇಕ್ಕಟ್ಟಿನಲ್ಲೇ. ಆದರೆ ಯುದ್ಧಕಾಲದ ಕರಾಳ ಅಧಿಕಾರಗಳನ್ನು ಶಾಂತಿಕಾಲಕ್ಕೂ ಎಳೆಯಲು ರೌಲಟ್ ಕಾಯ್ದೆ ತಂದದ್ದೂ ಅದೇ ಬ್ರಿಟನ್. ಅದನ್ನು ವಿರೋಧಿಸಿದ ಪಂಜಾಬಿಗೆ 1919ರ ಏಪ್ರಿಲ್ 13ರಂದು ಸಿಕ್ಕಿದ್ದು ಜಲಿಯನ್‌ವಾಲಾ ಬಾಗ್. ಸ್ವರಾಜ್ಯ ಹತ್ತು ವರ್ಷ ತಡವಾದರೂ ಸರಿ, ಆ ದಿನವಿಲ್ಲದ ಚರಿತ್ರೆಯೇ ಇರಲಿ ಎನ್ನುವವನು ನಾನು. ನೀವು ಬೇರೆಯದನ್ನು ಆರಿಸಿಕೊಂಡರೆ ಜಗಳವಿಲ್ಲ. ಸತ್ತವರ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಂಡು ಆರಿಸಿ.