ಕೆರೆ ತುಂಬಿತು, ನೀರುಗಂಟಿ ಎಲ್ಲಿ?

ಪದವಿ ಕಾಲೇಜುಗಳಿಗೆ ಇನ್ನು ಯಾವ ಕೊರತೆಯೂ ಇಲ್ಲವೆಂದು ನಮ್ಮನ್ನು ನಂಬಿಸಲು ಹೊರಟವರ ಸಂಖ್ಯೆ ದಿನದಿನಕ್ಕೆ ಬೆಳೆಯುತ್ತಿದೆ. ತರಗತಿಯ ಗೋಡೆಗೆ ಸ್ಮಾರ್ಟ್ ಬೋರ್ಡು ಬಂತು. ವಿದ್ಯಾರ್ಥಿಯ ಕೈಗೆ ಟ್ಯಾಬ್ ಬಂತು. ಪಾಠ ಮೊಬೈಲಿಗೆ ಬಂತು. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಕಂಪ್ಯೂಟರಿನೊಳಗೆ ಹೊಕ್ಕಿತು. ಇನ್ನೇನು ಬೇಕು ಸ್ವಾಮಿ, ಎಂದು ಕೇಳುತ್ತಾರೆ. ಬೇಕಾದದ್ದು ಒಂದಿದೆ, ಅದು ಟೆಂಡರು ಕರೆದರೆ ಸಿಕ್ಕುವ ಪದಾರ್ಥವಲ್ಲ. ಪಾಠ ಹೇಳಲು ಹೊತ್ತು, ಹೇಳಿದ್ದು ತಲುಪಿತೇ ಎಂದು ನೋಡಲು ವ್ಯವಧಾನ, ಬರುವ ವರ್ಷವೂ ಇದೇ ಕಾಲೇಜಿನಲ್ಲಿ ಇರುತ್ತೇನೆಂಬ ಧೈರ್ಯ, ಈ ಮೂರೂ ಉಳ್ಳ ಅಧ್ಯಾಪಕರು ಬೇಕು. ಅವರನ್ನು ಕೊಡದೆ ಯಂತ್ರವನ್ನು ಮಾತ್ರ ಕೊಡುವುದು, ಎಲೆ ಹಾಕಿ, ಲೋಟಕ್ಕೆ ನೀರು ಬಿಟ್ಟು, ಊಟವಾಯಿತು ಏಳಿ ಎಂದ ಹಾಗೆ.

ಚಿತ್ರದುರ್ಗ ಜಿಲ್ಲೆಯ ಜನಕ್ಕೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯೂರಿನ ಹತ್ತಿರ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಪೂರ್ಣವಾದದ್ದು ೧೯೦೭ರಲ್ಲಿ. ಅದು ಕೋಡಿ ಬಿದ್ದದ್ದು ೧೯೩೩ರಲ್ಲಿ. ಮತ್ತೆ ಬಿದ್ದದ್ದು ೮೯ ವರ್ಷ ಕಳೆದು ೨೦೨೨ರಲ್ಲಿ. ಕೋಡಿ ಬಿದ್ದ ಕೆರೆ ಕಣ್ಣಿಗೆ ಹಬ್ಬವೇ ಸರಿ. ಆದರೆ ತೋಟದವನಿಗೆ ಗೊತ್ತು, ಕೋಡಿಯ ನೀರಿನಿಂದ ತನ್ನ ಅಡಿಕೆ ತೆಂಗು ಬೆಳೆಯುವುದಿಲ್ಲವೆಂದು. ತೂಬು ಎತ್ತಬೇಕು, ನಾಲೆಯ ಹೂಳು ತೆಗೆಯಬೇಕು, ಸರದಿ ನೋಡಬೇಕು. ಕೊನೆಯವನ ಹೊಲಕ್ಕೂ ನೀರು ಮುಟ್ಟಿತೇ ಎಂದು ಬದುವಿನ ಮೇಲೆ ನಡೆದು ನೋಡುವ ನೀರುಗಂಟಿ ಬೇಕು. ಕಾಲೇಜಿನಲ್ಲಿ ಆ ಕೆಲಸ ಅಧ್ಯಾಪಕರದು. ನಾವು ಕೋಡಿಯ ಉತ್ಸವ ಮಾಡುತ್ತಿದ್ದೇವೆ. ನೀರುಗಂಟಿಯನ್ನು ದಿನಗೂಲಿಗೆ ಇಟ್ಟುಕೊಂಡಿದ್ದೇವೆ.

ಯಂತ್ರದ ಮೇಲೆ ನಮಗೆ ಹಗೆಯಿದೆಯೆಂದು ಯಾರೂ ತಿಳಿಯಬಾರದು. ಈ ನಾಡಿನಲ್ಲಿ ಬಾನುಲಿಯನ್ನು ಮೊದಲು ನಡೆಸಿದವರೇ ಒಬ್ಬ ಕಾಲೇಜು ಅಧ್ಯಾಪಕರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲೇ ೩೦ ವ್ಯಾಟಿನ ಪುಟ್ಟ ಪ್ರಸಾರಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ಆ ಹೆಸರೇ ದೇಶದ ಬಾನುಲಿಯ ಹೆಸರಾಯಿತು. ಇಲ್ಲಿ ಗಮನಿಸತಕ್ಕದ್ದು ಕ್ರಮವನ್ನು. ಹೇಳಬೇಕಾದ ಮಾತು ಅಧ್ಯಾಪಕರಲ್ಲಿ ಮೊದಲಿತ್ತು. ಅದಕ್ಕೆ ತಕ್ಕ ಉಪಕರಣವನ್ನು ಅವರು ಆಮೇಲೆ ಹುಡುಕಿಕೊಂಡರು. ಇಂದು ಉಪಕರಣ ಮೊದಲು ಲಾರಿಯಲ್ಲಿ ಬಂದು ಇಳಿಯುತ್ತದೆ. ಇದರಿಂದ ಏನು ಮಾಡೋಣವೆಂದು ಆಮೇಲೆ ಸುತ್ತೋಲೆ ಹೊರಡುತ್ತದೆ.

ಈ ತಿರುಗುಮುರುಗು ನಿನ್ನೆ ಮೊನ್ನೆಯದಲ್ಲ. ೧೯೮೪ರ ಆಗಸ್ಟ್ ೧೫ರಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೂರದರ್ಶನದಲ್ಲಿ ದೇಶವ್ಯಾಪಿ ತರಗತಿಯನ್ನು ಆರಂಭಿಸಿತು; ಅದರಲ್ಲಿ ಬಹುಪಾಲು ಇಂಗ್ಲಿಷು. ೨೦೦೪ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. ೨೦೧೭ರಲ್ಲಿ ‘ಸ್ವಯಂ’ ಬಂತು. ೨೦೨೧ರಲ್ಲಿ ನಮ್ಮ ಸರ್ಕಾರವು ‘ಕರ್ನಾಟಕ ಎಲ್.ಎಂ.ಎಸ್.’ ಎಂಬ ಕಲಿಕೆಯ ಜಾಲವನ್ನು ತೆರೆಯಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಹೊರಟಿತು. ಒಂದೊಂದು ಸಲವೂ ಕೇಳಿಬಂದ ಘೋಷಣೆ ಒಂದೇ: ಹಳ್ಳಿಯ ಹುಡುಗನಿಗೂ ಇನ್ನು ದೇಶದ ಅತ್ಯುತ್ತಮ ಗುರುವಿನ ಪಾಠ. ಒಂದೊಂದು ಯೋಜನೆಯ ಹಿಂದೆಯೂ ಸದುದ್ದೇಶವಿತ್ತು, ಬುದ್ಧಿವಂತರ ದುಡಿಮೆಯಿತ್ತು. ಸದುದ್ದೇಶವನ್ನು ನಾವು ಹಳಿಯುತ್ತಿಲ್ಲ. ಗುರುವಿನ ಮುಖವನ್ನು ದೂರದಿಂದ ತೋರಿಸಿದರೆ ಪಾಠ ಮುಗಿಯಿತೆಂಬ ಭ್ರಮೆಯನ್ನು ಹಳಿಯುತ್ತಿದ್ದೇವೆ.

ಪಾಠ ಎಲ್ಲಿಗೆ ಮುಟ್ಟಬೇಕೆಂಬುದನ್ನು ನೋಡೋಣ. ಧರ್ಮಪುರದ ಕಡೆಯಿಂದ ಹಿರಿಯೂರಿಗೆ, ಶ್ರೀರಾಂಪುರದ ಕಡೆಯಿಂದ ಹೊಸದುರ್ಗಕ್ಕೆ, ರಾಮಗಿರಿಯ ಕಡೆಯಿಂದ ಹೊಳಲ್ಕೆರೆಗೆ, ಭರಮಸಾಗರದ ಕಡೆಯಿಂದ ಚಿತ್ರದುರ್ಗಕ್ಕೆ ಬೆಳಗಿನ ಬಸ್ಸಿನಲ್ಲಿ ಬರುವ ಹುಡುಗಿಯನ್ನು ನೆನೆಯಿರಿ. ಅನೇಕ ವೇಳೆ ಆಕೆ ಮನೆಯಲ್ಲಿ ಪದವಿಯ ಮೆಟ್ಟಿಲು ತುಳಿದ ಮೊದಲಿಗಳು. ಅಲ್ಲಿಯವರೆಗೆ ಓದಿದ್ದು ಕನ್ನಡದಲ್ಲಿ. ೨೦೨೧ರ ನಿಯಮದ ಪ್ರಕಾರ ಒಂದು ಅವಧಿಯ ಕ್ರೆಡಿಟುಗಳಲ್ಲಿ ನೂರಕ್ಕೆ ೪೦ರಷ್ಟನ್ನು ‘ಸ್ವಯಂ’ ಮೂಲಕವೇ ಪಡೆಯಲು ಕಾಲೇಜುಗಳು ಅವಕಾಶ ಕೊಡಬಹುದು. ಕಾಗದದ ಮೇಲೆ ಇದು ಸ್ವಾತಂತ್ರ್ಯ. ಆದರೆ ಆ ಪಾಠಗಳ ಬಹುಭಾಗ ಮೂಲತಃ ಇಂಗ್ಲಿಷಿನಲ್ಲಿದೆ. ಆಕೆಗೆ ಸಂದೇಹ ಬಂದರೆ ಎದುರಿಗೆ ಕಾಣುವುದು ಗಾಜು. ಅಮೆರಿಕದ ಹಾರ್ವರ್ಡ್ ಮತ್ತು ಎಂ.ಐ.ಟಿ. ವಿದ್ಯಾಸಂಸ್ಥೆಗಳ ಇಂಥವೇ ಪಾಠಗಳನ್ನು ಕುರಿತು ೨೦೧೯ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ೨೦೧೭-೧೮ರಲ್ಲಿ ಸೇರಿದವರ ಪೈಕಿ ಪೂರ್ಣಗೊಳಿಸಿದವರು ನೂರಕ್ಕೆ ಮೂವರಷ್ಟು. ಅವರು ಬಲವಂತಕ್ಕೆ ಬಂದವರಲ್ಲ. ಬಯಸಿ ಹೆಸರು ಕೊಟ್ಟವರು. ಅವರ ಗತಿಯೇ ಹೀಗಾದರೆ, ಸಂಜೆ ಮನೆಗೆ ಹೋಗಿ ದನಕ್ಕೆ ಮೇವು ಹಾಕಿ ಪುಸ್ತಕ ಹಿಡಿಯುವವಳನ್ನು ‘ಸ್ವಯಂ ಕಲಿ’ ಎಂದು ಬಿಟ್ಟುಬಿಡುವುದು ನ್ಯಾಯವೇ?

ಕೈ ಹಿಡಿಯಬೇಕಾದ ಅಧ್ಯಾಪಕರ ಸ್ಥಿತಿಯೋ, ಅದನ್ನು ಕೇಳಲೇಬಾರದು. ರಾಜ್ಯದ ಸುಮಾರು ೪೩೦ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ಮನೆಯವರಿಗಿಂತ ಅತಿಥಿಗಳೇ ಹೆಚ್ಚಾದ ಮನೆ ಇದು. ೨೦೨೧ರ ಡಿಸೆಂಬರಿನಲ್ಲಿ ಅವರು ತರಗತಿ ಬಿಟ್ಟು ಬೀದಿಗಿಳಿದರು. ೨೦೨೨ರ ಜನವರಿಯಲ್ಲಿ ಗೌರವಧನ ಏರಿತು. ಜೊತೆಗೆ ವಾರದ ಬೋಧನೆಯ ಹೊರೆಯೂ ೧೫ ಗಂಟೆಗೆ ಏರಿತು. ಒಬ್ಬರ ಹೊರೆ ಏರಿದಾಗ ಬೇಕಾಗುವ ತಲೆಗಳು ಕಡಿಮೆಯಾಗುವುದು ಸರಳ ಗಣಿತ. ೨೦೨೩ರ ನವೆಂಬರಿನಲ್ಲಿ, ಕೆಲಸ ಖಾಯಂ ಮಾಡಿರೆಂದು ಮತ್ತೆ ಮುಷ್ಕರ. ಮುಂದಿನ ಅವಧಿಗೆ ಕರೆ ಬರುವುದೋ ಇಲ್ಲವೋ ತಿಳಿಯದವರು ಯಾವ ಧೈರ್ಯದಿಂದ ಮೂರು ವರ್ಷದ ಪಾಠಕ್ರಮಕ್ಕೆ ದೃಶ್ಯಪಾಠಗಳನ್ನು ಸಿದ್ಧಪಡಿಸಬೇಕು? ಒಂದು ಗಂಟೆಯ ಒಳ್ಳೆಯ ಪಾಠಕ್ಕೆ ಅದರ ಹಿಂದೆ ಹಲವು ಗಂಟೆಗಳ ದುಡಿಮೆ ಇರುತ್ತದೆ. ಆ ಗಂಟೆಗಳಿಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಲಮೇ ಇಲ್ಲ.

ಹಣ ಯಂತ್ರದ ಕಡೆಗೇ ಏಕೆ ಹರಿಯುತ್ತದೆಂಬುದು ಗುಟ್ಟೇನೂ ಅಲ್ಲ. ಟ್ಯಾಬು ಒಂದು ಸಲದ ಖರ್ಚು. ಅಧ್ಯಾಪಕರ ಸಂಬಳ ತಿಂಗಳು ತಿಂಗಳಿನ ಖರ್ಚು, ಮೇಲೆ ನಿವೃತ್ತಿವೇತನ. ಟ್ಯಾಬು ಹಂಚುವಾಗ ವೇದಿಕೆ, ಹಾರ, ಚಿತ್ರ ಉಂಟು. ಖಾಲಿ ಹುದ್ದೆಗೆ ಮನುಷ್ಯರನ್ನು ತುಂಬುವಾಗ ಕಡತವೊಂದೇ ಉಂಟು. ಸಹಾಯಕ ಪ್ರಾಧ್ಯಾಪಕರ ೧,೨೪೨ ಹುದ್ದೆಗಳಿಗೆ ೨೦೨೧ರಲ್ಲಿ ಪ್ರಕಟಣೆ ಹೊರಟಿತು. ಆಯ್ಕೆಯಾದವರು ತರಗತಿಯ ಬಾಗಿಲು ಕಾಣಲು ಎರಡು ವರ್ಷಕ್ಕೂ ಮಿಕ್ಕ ಕಾಲ ಹಿಡಿಯಿತು. ಅಷ್ಟು ಹೊತ್ತಿಗೆ ೨೦೨೧ರ ಟ್ಯಾಬುಗಳಿಗೆ ಮುಪ್ಪು ಹತ್ತಿರ ಬಂದಿತ್ತು. ಯಂತ್ರಕ್ಕೆ ಆಯುಸ್ಸು ನಾಲ್ಕೈದು ವರ್ಷ. ಒಬ್ಬ ಒಳ್ಳೆಯ ಅಧ್ಯಾಪಕರಿಗೆ ಮೂವತ್ತು ವರ್ಷ. ಯಾವುದು ಅಗ್ಗವೆಂದು ಲೆಕ್ಕಿಗರೇ ಹೇಳಲಿ.

‘ಕಾಲ ಬದಲಾಗಿದೆ, ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಸಿಕ್ಕುತ್ತದೆ, ಇನ್ನು ಮೇಷ್ಟರೇಕೆ?’ ಎನ್ನುವವರೂ ಇದ್ದಾರೆ. ಉತ್ತರ ಸಿಕ್ಕುತ್ತದೆ, ಸಂತೋಷ. ಉತ್ತರ ತಪ್ಪಾದಾಗ ತಪ್ಪೆಂದು ಕಂಡುಹಿಡಿಯುವ ವಿದ್ಯೆ ಎಲ್ಲಿ ಸಿಕ್ಕುತ್ತದೆ? ಪ್ರಶ್ನೆ ಕೇಳುವುದನ್ನು ಕಲಿಸುವವರು ಯಾರು? ಆಂತರಿಕ ಅಂಕಕ್ಕಾಗಿ ವಿದ್ಯಾರ್ಥಿ ಯಂತ್ರದಿಂದ ಬರೆಸಿ ತಂದ ಪ್ರಬಂಧವನ್ನು ಪುರಸೊತ್ತಿಲ್ಲದ ಅಧ್ಯಾಪಕರು ಓದದೆ ಸಹಿ ಹಾಕಿದರೆ, ಬರೆದವರೂ ಇಲ್ಲ, ಓದಿದವರೂ ಇಲ್ಲ. ಅಂಕ ಮಾತ್ರ ಉಂಟು. ಇಂಥ ಯಂತ್ರ ಬಂದ ಕಾಲದಲ್ಲಿ ಅಧ್ಯಾಪಕರ ಕಣ್ಣು ಹಿಂದಿಗಿಂತ ಹೆಚ್ಚು ಬೇಕಾಗಿದೆ.

ಇನ್ನೊಂದು ದೃಷ್ಟಾಂತ. ಹಾರ್ವರ್ಡಿನ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್ ೧೯೯೧ರಿಂದ ಒಂದು ಕ್ರಮವನ್ನು ರೂಢಿಗೆ ತಂದರು. ಉಪನ್ಯಾಸವನ್ನು ನಡುವೆ ನಿಲ್ಲಿಸಿ ಒಂದು ಪ್ರಶ್ನೆ ಹಾಕುವುದು. ಪ್ರತಿಯೊಬ್ಬನೂ ತನ್ನ ಉತ್ತರ ಸೂಚಿಸುವುದು. ಆಮೇಲೆ ಪಕ್ಕದವನೊಡನೆ ವಾದಿಸಿ ಮತ್ತೆ ಉತ್ತರಿಸುವುದು. ಉತ್ತರ ಸೂಚಿಸಲು ಗುಂಡಿ ಒತ್ತುವ ವಿದ್ಯುತ್ ಸಾಧನಗಳು ಮಾರುಕಟ್ಟೆಗೆ ಬಂದವು. ಕೆನಡದ ಅಧ್ಯಾಪಕ ನಥಾನಿಯೆಲ್ ಲಾಸ್ರಿ ಒಂದು ಗುಂಪಿಗೆ ಆ ಸಾಧನವನ್ನೂ ಇನ್ನೊಂದಕ್ಕೆ ಬರಿಯ ರಟ್ಟಿನ ಚೀಟಿಗಳನ್ನೂ ಕೊಟ್ಟು ನೋಡಿದರು. ೨೦೦೮ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ: ಎರಡು ಗುಂಪಿನ ಕಲಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಕಲಿಸಿದ್ದು ಪ್ರಶ್ನೆ, ವಾದ, ಅಧ್ಯಾಪಕರ ಜಾಣ್ಮೆ. ಹೊಳಲ್ಕೆರೆಯಲ್ಲಾಗಲಿ ಹೊಸದುರ್ಗದಲ್ಲಾಗಲಿ ನಾಲ್ಕು ಬಣ್ಣದ ರಟ್ಟಿಗೆ ಬರವೇನೂ ಇಲ್ಲ.

ಹಾಗಾದರೆ ಯಂತ್ರ ಬೇಡವೇ? ಬೇಕು, ತನ್ನ ಜಾಗದಲ್ಲಿ ಬೇಕು. ಜೀವಕೋಶ ಒಡೆಯುವುದನ್ನು ಕಪ್ಪುಹಲಗೆಗಿಂತ ತೆರೆ ಚೆನ್ನಾಗಿ ತೋರಿಸುತ್ತದೆ. ಬಸ್ಸು ತಪ್ಪಿ ತರಗತಿ ತಪ್ಪಿಸಿಕೊಂಡವಳು ರಾತ್ರಿ ಪಾಠವನ್ನು ಎರಡು ಸಲ ಕೇಳಬಹುದು. ಕಣ್ಣು ಕಾಣದ ವಿದ್ಯಾರ್ಥಿಗೆ ಪುಸ್ತಕವನ್ನು ಓದಿ ಹೇಳುವ ಯಂತ್ರ ವರವೇ. ಇವೆಲ್ಲ ಫಲಿಸಬೇಕಾದರೆ ನಾವು ಕೇಳತಕ್ಕದ್ದು ಇಷ್ಟು. ಪಾಠ ಸಿದ್ಧಪಡಿಸುವ ಹೊತ್ತನ್ನು ಕೆಲಸದ ಹೊತ್ತೆಂದೇ ಎಣಿಸಿ ಅತಿಥಿ ಉಪನ್ಯಾಸಕರಿಗೂ ಸಂಬಳ ಕೊಡಬೇಕು. ಯಂತ್ರ ಕೊಳ್ಳುವ ಹಣದ ಜೊತೆಯಲ್ಲೇ ಅದರ ದುರಸ್ತಿಯ ಹಣವನ್ನೂ ತೆಗೆದಿಡಬೇಕು. ಈ ನಾಲ್ಕು ಊರುಗಳ ಕಾಲೇಜುಗಳನ್ನು ಸುತ್ತುವ ಒಬ್ಬ ತಂತ್ರಜ್ಞನಾದರೂ ಇರಬೇಕು. ೨೦೦೯ರಿಂದ ಈ ಜಿಲ್ಲೆಯ ಹೊಣೆ ಹೊತ್ತಿರುವ ದಾವಣಗೆರೆ ವಿಶ್ವವಿದ್ಯಾನಿಲಯವು ಇಲ್ಲಿನ ಅಧ್ಯಾಪಕರಿಂದಲೇ ಕನ್ನಡದಲ್ಲಿ ಪಾಠಗಳನ್ನು ಮಾಡಿಸಬೇಕು, ಆ ದುಡಿಮೆಯನ್ನು ಅವರ ಸೇವೆಗೆ ಲೆಕ್ಕ ಹಿಡಿಯಬೇಕು. ನೆಟ್‌ವರ್ಕ್ ಇಲ್ಲದ ಹಳ್ಳಿಯವರು ನಕಲು ಮಾಡಿಕೊಂಡು ಹೋಗುವಂತೆ ಗ್ರಂಥಾಲಯದಲ್ಲಿ ಇಡಬೇಕು. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಿಕ್ಷಕರಿಗೆ ತಮ್ಮ ಕೈಯಿಂದಲೇ ಪ್ರಯೋಗ ಮಾಡಿಸಿ ತರಬೇತು ಕೊಡುತ್ತಿದೆ. ಅಂಗಳದಲ್ಲೇ ಇರುವ ಆ ಬಾವಿಯ ನೀರನ್ನು ನಮ್ಮ ಪದವಿ ಕಾಲೇಜುಗಳ ಅಧ್ಯಾಪಕರೆಲ್ಲ ಸರದಿಯಂತೆ ಕುಡಿದು ಬರುವ ಏರ್ಪಾಡಾಗಬೇಕು. ಎಲ್ಲಕ್ಕಿಂತ ಮೊದಲು ಖಾಲಿ ಹುದ್ದೆಗಳು ತುಂಬಬೇಕು.

ಇದರಲ್ಲಿ ಆಕಾಶದಿಂದ ಇಳಿಸಬೇಕಾದದ್ದು ಒಂದೂ ಇಲ್ಲ. ಮುಂದಿನ ಸಲ ಯಂತ್ರ ಹಂಚುವ ಸಮಾರಂಭಕ್ಕೆ ಕರೆ ಬಂದಾಗ ತಾಯಿತಂದೆಗಳು ತಪ್ಪದೆ ಹೋಗಲಿ. ವೇದಿಕೆಯ ಮೇಲಿನವರನ್ನು ವಿನಯದಿಂದಲೇ ಕೇಳಲಿ: ನಮ್ಮ ಮಗಳಿಗೆ ಈ ವರ್ಷ ರಸಾಯನಶಾಸ್ತ್ರ ಹೇಳುವವರು ಯಾರು? ಬರುವ ವರ್ಷವೂ ಅವರೇ ಇರುತ್ತಾರೆಯೇ? ಉತ್ತರ ಬಂದಮೇಲೆ ಚಪ್ಪಾಳೆ ತಟ್ಟೋಣ.