ಎರಡನೇ ಗೇರ್ ಬೀಳದ ಗಾಡಿ

ಹೋದ ಮಾರ್ಚ್‌ನ ಒಂದು ಮಂಗಳವಾರ. ಆಫೀಸಿನ ಬೆಳಗಿನ ಮೀಟಿಂಗ್ ನಡೀತಿತ್ತು. ಚಿಕ್ಕಪ್ಪನ ಮಗ ಫೋನ್ ಮಾಡಿದ, ಕಟ್ ಮಾಡಿದೆ. ಮತ್ತೆ ಮಾಡಿದ, ಮತ್ತೆ ಕಟ್. ಮೂರನೇ ಸಲ ಎತ್ತಿದೆ. "ಅಣ್ಣಾ, ಗಾಡಿ ಸೀಜ್ ಆಗೋಯ್ತು ಕಣಣ್ಣ" ಅಂದ. ಆಮೇಲೆ ಮಾತೇ ಇಲ್ಲ.

ನಮ್ಮ ಮನೆ ಮಂಡ್ಯದ ಗುತ್ತಲಿನಲ್ಲಿ, ನನ್ನ ಕೆಲಸ ಬೆಂಗಳೂರಿನಲ್ಲಿ. ಅವನು ಅಲ್ಲೇ ಇದ್ದುಕೊಂಡು ಸುತ್ತಲ ಹಳ್ಳಿಗಳ ತೋಟದಲ್ಲಿ ಎಳನೀರು ಕೊಯ್ಸಿ, ಪಿಕಪ್‌ಗೆ ತುಂಬಿಕೊಂಡು ಮದ್ದೂರು ಮಾರ್ಕೆಟ್ಟಿಗೆ ಹಾಕ್ತಾನೆ. ಬೇಸಿಗೆ ಮೂರು ತಿಂಗಳು ದುಡಿದದ್ದೇ ಅವನಿಗೆ ವರ್ಷದ ಅನ್ನ. ಅವತ್ತು ರೇಡಿಯೇಟರ್ ಹೋಸ್ ಒಡೆದು ನೀರೆಲ್ಲ ಸೋರಿದೆ, ಟೆಂಪರೇಚರ್ ಮುಳ್ಳು ಮೊದಲೇ ಕೆಟ್ಟಿತ್ತು, ಇವನಿಗೆ ಗೊತ್ತಾಗಿಲ್ಲ. ಗುತ್ತಲಿನ ನಮ್ಮ ಮೇಸ್ತ್ರಿ ಹೆಡ್ ಬಿಚ್ಚಿ ನೋಡಿ "ಬ್ಲಾಕೇ ಬಿರುಕು ಬಿಟ್ಟದೆ" ಅಂದರು.

ನನ್ನ ಮೊದಲ ಐಡಿಯಾ, ಬೆಂಗಳೂರಿನ ಗುಜರಿಯಲ್ಲಿ ಒಂದು ಹಳೇ ಎಂಜಿನ್ ತಂದು ಕೂರಿಸೋದು. ಮೇಸ್ತ್ರಿ ಒಪ್ಪಲಿಲ್ಲ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತೆ. ಎಂಜಿನ್ ಬದಲಾದರೆ ಆರ್‌ಟಿಓದಲ್ಲಿ ಹೊಸ ನಂಬರ್ ಬರೆಸಬೇಕು, ಅದಕ್ಕೆ ಸರಿಯಾದ ಬಿಲ್ ಬೇಕು. ಬಿಲ್ ಇಲ್ಲದ ಎಂಜಿನ್ ಯಾವ ಗಾಡಿಯದೋ, ಎಲ್ಲಿ ಕದ್ದದ್ದೋ. "ಅದೂ ಅಲ್ದೆ, ನೆಲದ ಮೇಲೆ ಮಲಗಿರೋ ಎಂಜಿನ್ನು ಮಾತಾಡಲ್ಲ ಕಣಪ್ಪ. ಓಡೋದನ್ನ ತಗೊಂಡ್ರೆ ಕಿವಿಗಾದ್ರೂ ಗೊತ್ತಾಯ್ತದೆ" ಅಂದರು.

ಸರಿ, ಇಡೀ ಗಾಡಿಯನ್ನೇ ಸೆಕೆಂಡ್ ಹ್ಯಾಂಡ್ ತಗೊಳ್ಳೋದು ಅಂತಾಯ್ತು. ಚಿಕ್ಕಮ್ಮ ಸರ, ಬಳೆ ಅಡವಿಟ್ಟು 3 ಲಕ್ಷ ತಂದರು. ನಾನು 1 ಲಕ್ಷ ಸೇರಿಸಿದೆ. ದುಡ್ಡು ಕೊಟ್ಟವನು ಸುಮ್ಮನಿರ್ತಾನಾ? ರಾತ್ರಿ ಕೂತು ಎಕ್ಸೆಲ್ ಶೀಟ್ ಮಾಡಿದೆ. ಮಾಡೆಲ್ ವರ್ಷ, ಓಡಿದ ಕಿಲೋಮೀಟರ್, ಬೆಲೆ, ಎಷ್ಟನೇ ಓನರ್, ಒಂದೊಂದಕ್ಕೂ ಮಾರ್ಕ್ಸ್. ಮೊದಲ ರ‍್ಯಾಂಕ್ ಬಂದದ್ದು ಒಂದು ಬಿಳಿ ಪಿಕಪ್, ಮೀಟರ್‌ನಲ್ಲಿ 62,000 ಕಿ.ಮೀ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದೆ. ಇನ್ಶೂರೆನ್ಸ್ ಇದೆ, ಎಫ್‌ಸಿ ಇದೆ, ಫೈನಾನ್ಸ್ ಬಾಕಿ ಇಲ್ಲ. ಬೇರೆಯವರು ಹೊಡ್ಕೊಂಡು ಹೋಗ್ತಾರೆ ಅಂತ ಮಾರೋನು ಹೆದರಿಸಿದ್ದಕ್ಕೆ, ಬೆಂಗಳೂರಿನ ಕುರ್ಚಿಯಲ್ಲಿ ಕೂತೇ 10,000 ಟೋಕನ್ ಫೋನ್‌ಪೇ ಮಾಡಿಬಿಟ್ಟೆ.

ಶನಿವಾರ ಮೇಸ್ತ್ರಿಯನ್ನ ಕರ್ಕೊಂಡು ಹೋದ್ವಿ. ಗಾಡಿ ಮದುಮಗನ ಥರ ನಿಂತಿತ್ತು. ಹೊಸ ಪೇಂಟು, ಎಂಜಿನ್ ಕೂಡ ತೊಳೆದು ಫಳಫಳ. ಮೇಸ್ತ್ರಿ ಬಾನೆಟ್ ಮೇಲೆ ಕೈ ಇಟ್ಟರು, ಬಿಸಿ ಇತ್ತು. "ನಾವು ಬರೋಕ್ ಮುಂಚೆ ಸ್ಟಾರ್ಟ್ ಮಾಡಿದ್ರಾ?" ಅಂದರು. "ಈ ಕಡೆ ತಿರುಗಿಸಿ ನಿಲ್ಸಿದ್ದೆ ಅಷ್ಟೇ" ಅಂದ ಅವನು. ಮೇಸ್ತ್ರಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಇದು ಬ್ಯಾಡ."

ಡೀಸೆಲ್ ಎಂಜಿನ್ನಿನ ಕಾಯಿಲೆಗಳೆಲ್ಲ ಬೆಳಗಿನ ತಣ್ಣನೆ ಸ್ಟಾರ್ಟ್‌ನಲ್ಲಿ ಆಚೆ ಬೀಳ್ತವೆ. ಕಂಪ್ರೆಷನ್ ಕಮ್ಮಿಯಾಗಿದ್ರೆ ತಣ್ಣಗಿದ್ದಾಗ ಹತ್ತು ಸಲ ಸೆಲ್ಫ್ ಹೊಡೀಬೇಕು; ಒಮ್ಮೆ ಬಿಸಿ ಮಾಡಿಟ್ಟರೆ ಅದೇ ಎಂಜಿನ್ನು ಸಾಧು ಥರ ಸ್ಟಾರ್ಟ್ ಆಗುತ್ತೆ. ಆದರೂ ನನ್ನ ಸಮಾಧಾನಕ್ಕೆ ಅಂತ ಇನ್ನೊಂದು ತೋರಿಸಿದರು. ಎಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ, ತಿರುವದೆ ಹಾಗೇ ತೂತಿನ ಮೇಲಿಟ್ಟರು. ಮುಚ್ಚಳ ತಟತಟ ಕುಣಿದು ಕೆಳಗೆ ಬಿತ್ತು, ತೂತಿಂದ ಇಡ್ಲಿ ಪಾತ್ರೆ ಥರ ಹೊಗೆ. ಬ್ಯಾಕ್ ಕಂಪ್ರೆಷನ್ ಅಂದರೆ ಇದು. ಪಿಸ್ಟನ್ ರಿಂಗು, ಬೋರು ಸವೆದು, ಮೇಲೆ ಇರಬೇಕಾದ ಒತ್ತಡ ಕೆಳಗೆ ಆಯಿಲ್ ಚೇಂಬರ್‌ಗೆ ನುಗ್ತಾ ಇದೆ. ಕ್ಲಚ್ ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಕಾಣ್ತಿತ್ತು. 62,000ಕ್ಕೆ ಅಷ್ಟು ಸವೆಯಲ್ಲ. ಆ್ಯಪ್ ಹೇಳಿದ್ದೆಲ್ಲ ನಿಜವೇ, ಆದರೆ ಅದು ಕಾಗದದ ವಿಷಯ ಮಾತ್ರ. ಟೋಕನ್‌ನಲ್ಲಿ 5,000 ಜಗಳ ಆಡಿ ವಾಪಸ್ ಬಂತು, ಉಳಿದದ್ದು ನನ್ನ ಟ್ಯೂಷನ್ ಫೀಸು.

ಎರಡನೇದು ಟಾಟಾ ಏಸ್. ತಮ್ಮನಿಗೆ ಬೆಲೆ ನೋಡಿ ಆಸೆ. 2005ರಲ್ಲಿ ಬಂದಾಗಿಂದ ಊರೂರಲ್ಲಿ ಓಡಾಡ್ತಿರೋ ಗಾಡಿ, 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್ನು, ರಿಪೇರಿ ಸುಲಭ, ಬಿಡಿಭಾಗ ಎಲ್ಲ ಕಡೆ ಸಿಗ್ತವೆ. ಆದರೆ ಲೆಕ್ಕ ಹಾಕಿ. ಒಂದು ಎಳನೀರು ಸುಮಾರು 2 ಕೆ.ಜಿ. ಅಂದ್ಕೊಂಡರೂ ಸಾವಿರ ಕಾಯಿಗೆ 2 ಟನ್. ಏಸ್ ಹೊರೋದು ಮುಕ್ಕಾಲು ಟನ್ನಿನ ಆಸುಪಾಸು. 1.7 ಟನ್ನಿನ ಪಿಕಪ್‌ಗೂ ಸಾವಿರ ಕಾಯಿ ಓವರ್‌ಲೋಡೇ. "ಇಷ್ಟ್ ವರ್ಷ ಸಾವ್ರ ಹೊತ್ತದಲ್ಲಾ?" ಅಂದ ತಮ್ಮ. "ಅದ್ಕೇ ಸತ್ತೋಗಿದ್ದು" ಅಂದರು ಮೇಸ್ತ್ರಿ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಕಿಲೋಮೀಟರ್‌ಗಿಂತ ಮುಂಚೆ, ಇದು ಏನು ಹೊರ್ತಿತ್ತು ಅಂತ ಕೇಳಬೇಕಂತೆ. ಎಂ-ಸ್ಯಾಂಡ್ ಹೊತ್ತ 80,000 ಕಿ.ಮೀ. ಮತ್ತು ಬಿಸ್ಕೆಟ್ ಹೊತ್ತ 1,50,000 ಕಿ.ಮೀ. ಎರಡೂ ಒಂದೇ ಅಲ್ಲ. ನನ್ನ ಎಕ್ಸೆಲ್‌ನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಮೂರನೇದು ಮಳವಳ್ಳಿ ಕಡೆಯದು. ಬೊಲೆರೊ ಪಿಕಪ್, 2015ರ ಮಾಡೆಲ್, 2523 ಸಿಸಿ ನಾಲ್ಕು ಸಿಲಿಂಡರ್ ಡೀಸೆಲ್. ನೋಡೋಕೆ ದರಿದ್ರ. ಡೋರ್ ಡೊಂಕು, ಡ್ಯಾಶ್‌ಬೋರ್ಡ್ ಮೇಲೆ ಒಂದಂಗುಲ ಧೂಳು, ಮೀಟರ್‌ನಲ್ಲಿ 1,38,000. ಯಜಮಾನರು ಕೋಳಿ ಫೀಡ್ ಸಾಗಿಸ್ತಿದ್ದರು. ಬೆಳಿಗ್ಗೆ 6 ಗಂಟೆಗೇ ಹೇಳದೆ ಹೋದ್ವಿ. ರೇಡಿಯೇಟರ್ ತಣ್ಣಗಿತ್ತು. ಕ್ಯಾಪ್ ಬಿಚ್ಚಿ ನೋಡಿದರು, ನೀರಿನ ಮೇಲೆ ಎಣ್ಣೆ ಪಸೆ ಇಲ್ಲ. ಆಯಿಲ್ ಕಡ್ಡಿ ಎಳೆದರು, ಕಪ್ಪಗಿತ್ತು. ಡೀಸೆಲ್‌ಗೆ ಅದು ಸಹಜ. ಕಾಫಿಗೆ ಹಾಲು ಬೆರೆಸಿದ ಬಣ್ಣ ಇದ್ದರೆ ನೀರು ಸೇರಿದೆ ಅಂತ ಅರ್ಥ. ಎಂಜಿನ್ ನಂಬರಿನ ಜಾಗದ ಗ್ರೀಸ್ ಒರೆಸಿ ಆರ್‌ಸಿ ಜೊತೆ ನಾನು ಹೊಂದಿಸಿ ನೋಡಿದೆ. ಅಷ್ಟು ಕೆಲಸ ನನಗೂ ಕೊಟ್ಟರು.

ಎರಡನೇ ಸೆಲ್ಫ್‌ಗೆ ಸ್ಟಾರ್ಟ್. ಸ್ವಲ್ಪ ಬಿಳಿ ಹೊಗೆ ಬಂದು ಅರ್ಧ ನಿಮಿಷದಲ್ಲಿ ನಿಂತಿತು. ನಿಲ್ಲದೆ ನೀಲಿ ಬಂದರೆ ಆಯಿಲ್ ಕುಡೀತಿದೆ. ಬಿಸಿಯಾದ ಮೇಲೂ ಬಿಳಿ ಬರ್ತಾ, ಸಿಹಿ ವಾಸನೆ ಇದ್ದರೆ ಕೂಲೆಂಟ್ ಒಳಗೆ ಹೋಗ್ತಿದೆ. ಕಪ್ಪು ಬಂದರೆ ಇಂಜೆಕ್ಟರೋ ಟರ್ಬೋನೋ, ಅದೃಷ್ಟ ಇದ್ದರೆ ಬರೀ ಏರ್ ಫಿಲ್ಟರು. ಮುಚ್ಚಳ ತೂತಿನ ಮೇಲೆ ಕೂತಲ್ಲೇ ಕೂತಿತ್ತು.

ಗೇರ್‌ಬಾಕ್ಸ್ ನೋಡೋಕೆ ಮೇಸ್ತ್ರಿ ಮಾಡಿದ ಉಪಾಯ ನನಗೆ ಜನ್ಮದಲ್ಲಿ ಹೊಳೀತಿರಲಿಲ್ಲ. ಆ ಯಜಮಾನರಿಗೆ ಒಂದು ಲೋಡಿನ ಬಾಡಿಗೆ ಕೊಟ್ಟು, "ನಮ್ಮ ಎಳನೀರು ಮದ್ದೂರಿಗೆ ಹಾಕ್ಕೊಡಿ" ಅಂದರು! ಖಾಲಿ ಗಾಡಿಯಲ್ಲಿ ಕ್ಲಚ್ಚು, ಗೇರು ಎಲ್ಲ ಒಳ್ಳೆಯವೇ. ಭಾರ ಬಿದ್ದಾಗಲೇ ಬಣ್ಣ ಬಯಲು. ತೋಟದಿಂದ ಕೆರೆ ಏರಿ ಹತ್ತಿಸುವಾಗ ತಮ್ಮನ ಕೈಗೆ ಸ್ಟೀರಿಂಗ್ ಕೊಟ್ಟರು. ಎರಡನೇ ಗೇರ್‌ಗೆ ಇಳಿಸೋಕೆ ಹೋದ, ಕರ್‌ರ್ ಅಂತು. ಬೀಳಲೇ ಇಲ್ಲ. ಗಾಡಿ ನಿಲ್ಲಿಸಿ ಮೊದಲನೇ ಗೇರಲ್ಲೇ ಹತ್ತಿಸಿದ. ಕ್ಲಚ್ಚೂ ಜಾರ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತೆ, ವೇಗ ಏರಲ್ಲ. ನನ್ನ ಮುಖ ಬಾಡಿತು. ಮೇಸ್ತ್ರಿ ಮಾತ್ರ ಕಣ್ಣು ಮುಚ್ಚಿ ಕೂತು ಕೇಳಿಸ್ಕೊಳ್ತಿದ್ದರು.

ನ್ಯೂಟ್ರಲ್‌ನಲ್ಲಿ ಗುಂಯ್ ಅನ್ನೋ ಶಬ್ದ ಇದ್ದು, ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗು. ಕ್ಲಚ್ ಒತ್ತಿದಾಗಲೇ ಶುರುವಾದರೆ ರಿಲೀಸ್ ಬೇರಿಂಗು. ಹಿಂದಿನಿಂದ ವೇಗಕ್ಕೆ ತಕ್ಕಂತೆ ಊಳಿಟ್ಟರೆ ಕ್ರೌನ್, ಅದು ದುಬಾರಿ. ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನೇ ಹಾರಿ ನ್ಯೂಟ್ರಲ್‌ಗೆ ಬಂದರೆ ಒಳಗೆ ಹಲ್ಲೇ ಸವೆದಿರಬಹುದು. ಈ ಗಾಡಿಯಲ್ಲಿ ಇವ್ಯಾವೂ ಇರಲಿಲ್ಲ. ಎರಡನೇ ಗೇರಿನ ಸಿಂಕ್ರೊ ರಿಂಗ್ ಸವೆದಿತ್ತು, ಕ್ಲಚ್ ಪ್ಲೇಟ್ ಮುಗಿದಿತ್ತು, ಅಷ್ಟೇ.

"ಇದೇ ತಗೋಳಿ" ಅಂದಾಗ ನಾನು ತಡೆದೆ. ಕಣ್ಣಿಗೆ ಕಾಣೋ ದೋಷ ಇಟ್ಕೊಂಡು ಹೇಗೆ ತಗೊಳ್ಳೋದು? ಅವರು ಹೇಳಿದ್ದು ಹೀಗೆ. ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಕಟ್ಟೋಕೆ ಎರಡು ದಿನ, ಖರ್ಚು ಮೊದಲೇ ಗೊತ್ತು. ಎಂಜಿನ್ ಹಾಗಲ್ಲ, ಒಂದು ಬಿಚ್ಚಿದರೆ ಹತ್ತು ಕಾಣುತ್ತೆ. ಬೋರ್ ಹೊಡೆಸೋದು, ಕ್ರ್ಯಾಂಕ್, ಪಂಪು, ಕಾಮನ್ ರೈಲ್ ಆದರೆ ಇಂಜೆಕ್ಟರು. ಗಾಡಿ ಹದಿನೈದು ದಿನ ಶೆಡ್‌ನಲ್ಲಿ, ಎಳನೀರು ಮರದಲ್ಲಿ. ಇನ್ನೂ ಒಂದು ಅನುಕೂಲ, ಎರಡನೇ ಗೇರ್ ಬೀಳದ ಗಾಡಿಗೆ ಗಿರಾಕಿ ಬರಲ್ಲ. 4,20,000 ಹೇಳ್ತಿದ್ದವರು 3,65,000ಕ್ಕೆ ಇಳಿದರು.

ಬಿಎಸ್-6 ಗಾಡಿ ನೋಡಬಾರದಿತ್ತಾ ಅಂತ ಕೆಲವರು ಕೇಳಬಹುದು. 2020ರ ಏಪ್ರಿಲ್‌ನಿಂದ ಬಂದ ಆ ಗಾಡಿಗಳು ನಮ್ಮ 4 ಲಕ್ಷಕ್ಕೆ ನಿಲುಕಲಿಲ್ಲ. ಸಿಕ್ಕಿದ್ದರೂ, ಸೆನ್ಸರ್ ಕೈಕೊಟ್ಟರೆ ನಮ್ಮ ಮೇಸ್ತ್ರಿ ಹತ್ತಿರ ಸ್ಕ್ಯಾನರ್ ಇಲ್ಲ. ಹಾಗಂತ ಹಳೇದಕ್ಕೆ ರಗಳೆ ಇಲ್ಲ ಅಂತಲ್ಲ, ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು.

ಗೇರ್‌ಬಾಕ್ಸು, ಕ್ಲಚ್ ಸೆಟ್ಟು, ಯುಜೆ ಕ್ರಾಸು, ಕೂಲಿ ಸೇರಿ 22,000 ಆಯ್ತು. ಮೊದಲು ಟೆಂಪರೇಚರ್ ಮೀಟರ್ ಸರಿಮಾಡಿಸಿದ ತಮ್ಮ, ಆಮೇಲೆ ನಿಂಬೆಹಣ್ಣು ಕಟ್ಟಿದ. ಈಗ 800 ಕಾಯಿಗಿಂತ ಹೆಚ್ಚು ತುಂಬಲ್ಲ ಅಂತಾನೆ. ಚಿಕ್ಕಮ್ಮನ ಬಳೆ ಬಿಡಿಸಿ ಆಗಿದೆ, ಸರ ಇನ್ನೂ ಬ್ಯಾಂಕಿನಲ್ಲೇ ಇದೆ.

ಮೊನ್ನೆ ಮತ್ತೆ ಮೀಟಿಂಗ್ ಮಧ್ಯೆ ಫೋನು. ಈ ಸಲ ಮೊದಲ ರಿಂಗಿಗೇ ಎತ್ತಿದೆ. "ಅಣ್ಣಾ, ವಸಿ ಈ ಸೌಂಡ್ ಕೇಳು" ಅಂತ ಫೋನನ್ನ ಬಾನೆಟ್ ಒಳಗೆ ಹಿಡಿದ. ಕಣ್ಣು ಮುಚ್ಚಿ ಕೇಳಿದೆ. ರಿಲೀಸ್ ಬೇರಿಂಗೇ ಇರಬೇಕು ಅಂದೆ. ಪಕ್ಕದಲ್ಲಿದ್ದ ಮೇಸ್ತ್ರಿ ನಕ್ಕದ್ದು ಕೇಳಿಸಿತು. "ಫ್ಯಾನ್ ಬೆಲ್ಟು ಕಣಪ್ಪ, ನೀನು ಮೀಟಿಂಗ್ ಮುಗ್ಸು."